ತೆಗೆಯದೆ ಬಿಟ್ಟ ಫಿಲ್ಮು

ಕುಂಬಳೆ
೧೬ ನವೆಂಬರ್ ೨೦೨೫, ಭಾನುವಾರ

ರಂಜೂ,

ಇದನ್ನು ನಿಂತುಕೊಂಡು ಓದಬೇಡ. ಹೊಟ್ಟೆಯ ಹೊಲಿಗೆ ಇನ್ನೂ ಹಸಿ. ಕೃಷ್ಣಣ್ಣನ ಮನೆಯ ಜಗಲಿಯಲ್ಲಿ ಒರಗುವ ಕುರ್ಚಿ ಉಂಟಲ್ಲ, ಅದರಲ್ಲಿ ಕೂತು ಓದು. ಅತ್ತಿಗೆ ಏನಾದರೂ ಕೇಳಿದರೆ ನಸೀಬಾ ಬರೆದಿದ್ದಾಳೆ, ಎಂದಿನ ಹರಟೆ ಎಂದು ಹೇಳಿಬಿಡು.

ಏಳನೇ ಕ್ಲಾಸಿನಲ್ಲಿ ಪತ್ರಲೇಖನ ಕಲಿಸಿದಾಗ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಒಬ್ಬರಿಗೊಬ್ಬರು ‘ನಾನಿಲ್ಲಿ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ’ ಎಂದು ಬರೆದು ಹತ್ತಕ್ಕೆ ಒಂಬತ್ತು ಗಿಟ್ಟಿಸಿದ್ದೆವು. ಮನೆಯಲ್ಲಿ ಬ್ಯಾರಿ ಮಾತಾಡುವ ಹುಡುಗಿಗೆ ಇಷ್ಟು ಒಳ್ಳೆ ಕನ್ನಡ ಹೇಗೆ ಬಂತು ಎಂದು ಮಾಷ್ಟ್ರು ಕೇಳಿದ್ದಕ್ಕೆ ನಾನು ನಿನ್ನ ಕಡೆ ಬೆರಳು ತೋರಿಸಿದ್ದೆ. ಈ ಪತ್ರದಲ್ಲಿ ಆ ಕ್ಷೇಮದ ಸಾಲು ಹಾಕಲು ಮನಸ್ಸಾಗಲಿಲ್ಲ. ನಾನು ಕ್ಷೇಮವಾಗಿಲ್ಲ. ಓದಿ ಮುಗಿಸುವಾಗ ನೀನೂ ಕ್ಷೇಮವಾಗಿರಲಾರೆ.

ಬುಧವಾರ ನೀನು ಫೋನು ಮಾಡಿದಾಗ ನಾನು ಡ್ಯೂಟಿಯಲ್ಲಿದ್ದೆ. ಮಂಗಳೂರಿನಲ್ಲಿ ಅಂಡಾಶಯದ ಗಡ್ಡೆ ತೆಗೆಸಿಕೊಂಡು ನೀನು ವರ್ಕಾಡಿಗೆ ಅಣ್ಣನ ಮನೆಗೆ ಬಂದು ನಾಲ್ಕು ದಿನವಾಗಿತ್ತು. ಗಡ್ಡೆ ಹೆದರುವಂಥದ್ದಲ್ಲ, ರಿಪೋರ್ಟು ಬಂತು ಎಂದೆ ನೀನು. ನನಗೆ ಹೋದ ಜೀವ ಬಂದಂತಾಯಿತು. ಆಮೇಲೆ ಸ್ವರ ತಗ್ಗಿಸಿ ಇನ್ನೊಂದು ವಿಷಯ ಹೇಳಿದೆ. ನಿನ್ನ ಹಳೆಯ ಕಥೆಯನ್ನೆಲ್ಲ ಕೇಳಿಕೊಂಡಿದ್ದ ಡಾಕ್ಟರು, ಹೇಗೂ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿದ್ದೇವಲ್ಲ ಎಂದು, ಗರ್ಭಕೋಶಕ್ಕೆ ಕೆಳಗಿನಿಂದ ನೀಲಿ ಬಣ್ಣದ ನೀರು ಬಿಟ್ಟು ನೋಡಿದರಂತೆ. ಎರಡು ಗರ್ಭನಾಳಗಳ ತುದಿಯಿಂದಲೂ ನೀಲಿ ನೀರು ಸಲೀಸಾಗಿ ಹೊರಗೆ ಬಂತಂತೆ. ವೀಡಿಯೋ ಕೂಡ ತೋರಿಸಿದರಂತೆ.

‘ಎರಡೂ ಓಪನ್ ಉಂಟಂತೆ ನಸೀ. ಹಾಗಾದ್ರೆ ಇಷ್ಟು ವರ್ಷ ನಾನು ಎಂತ ಅಂತ ತಿಳ್ಕೊಂಡು ಬದುಕಿದ್ದು?’ ಎಂದು ಕೇಳಿದೆ. ನೀನು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಎಂತ ಹೇಳಿದೆ ನೆನಪುಂಟಲ್ಲ? ಎಕ್ಸ್‌ರೇಯ ಹಳೇ ಮೆಷಿನು ಮಾರಾಯ್ತಿ, ಆಗೆಲ್ಲ ಹಾಗೆ ಆಗ್ತಿತ್ತು ಎಂದೆ. ನೀನು, ಮೆಷಿನಿನ ಮೇಲೆ ಯಾಕೆ ಹಾಕ್ತೀ, ತಪ್ಪು ಟೆಸ್ಟ್ ಮಾಡಿದ ಆ ಪ್ರೇಮನಾಥ ಡಾಕ್ಟ್ರದ್ದು, ಅವರನ್ನು ನಾನು ಬಿಡುವುದಿಲ್ಲ ಎಂದೆ. ಮುಂದಿನ ವಾರ ಶುಕ್ರವಾರ ಕೃಷ್ಣಣ್ಣನ ಜೊತೆ ಕಾಸರಗೋಡಿಗೆ ಹೋಗಿ ವಕೀಲರನ್ನು ಕಂಡು ದೂರು ಬರೆಸುತ್ತೇನೆ, ನೀನು ಆ ದಿನ ಒಳಗಿದ್ದವಳು, ಸಾಕ್ಷಿ ಹೇಳ್ತೀಯಲ್ಲ ಎಂದು ಕೇಳಿದೆ. ನಾನು ಹೂಂ ಎಂದೆ. ಹಾಗೆಂದ ನನ್ನ ಬಾಯಿಗೆ ಹುಳ ಬೀಳಲಿ.

ಅಂದಿನಿಂದ ನಾಲ್ಕು ಸಲ ಫೋನು ಕೈಗೆತ್ತಿಕೊಂಡೆ. ಎರಡು ಸಲ ವಾಯ್ಸ್ ಮೆಸೇಜು ಮಾಡಿ ಅಳಿಸಿದೆ. ನಿನ್ನ ಸ್ವರ ಕೇಳಿದ ಕೂಡಲೇ ನಾನು ಮತ್ತೊಂದು ಸುಳ್ಳು ಹೇಳುತ್ತೇನೆ ಎಂದು ನನಗೆ ಗೊತ್ತು, ಅದು ಹನ್ನೊಂದು ವರ್ಷದ ಅಭ್ಯಾಸ. ಆದ್ದರಿಂದ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಸ್ಪೀಡ್ ಪೋಸ್ಟ್ ಮಾಡಿದರೆ ಶುಕ್ರವಾರಕ್ಕೆ ಮೊದಲು ನಿನ್ನ ಕೈಗೆ ಸಿಗುತ್ತದೆ.

ರಂಜೂ, ತಪ್ಪು ಡಾಕ್ಟರದ್ದಲ್ಲ. ಮೆಷಿನಿನದ್ದೂ ಅಲ್ಲ. ನನ್ನದು.

ಮೊದಲಿನಿಂದ ಹೇಳುತ್ತೇನೆ, ನಡುವೆ ಹರಿದು ಬಿಸಾಡಬೇಡ. ೨೦೧೪ರ ಫೆಬ್ರವರಿ. ನಿನಗೆ ಮದುವೆಯಾಗಿ ನಾಲ್ಕು ವರ್ಷ. ಮಂಗಳೂರಿನ ಲೇಡಿ ಡಾಕ್ಟರು ಟ್ಯೂಬ್ ಟೆಸ್ಟ್ ಮಾಡಿಸಿ ಎಂದು ಚೀಟಿ ಕೊಟ್ಟಿದ್ದರು. ಅಲ್ಲೇ ಮಾಡಿಸಬಹುದಿತ್ತು. ಆದರೆ ನಮ್ಮ ಊರಿನವರ ಕ್ರಮ ನಿನಗೆ ಗೊತ್ತಲ್ಲ, ಯಾವ ಆಸ್ಪತ್ರೆಗೆ ಹೋಗುವುದಾದರೂ ಒಳಗೆ ನಮ್ಮವರು ಯಾರಿದ್ದಾರೆ ಎಂದು ಮೊದಲು ಹುಡುಕುವುದು. ಡಾಕ್ಟರು ಯಾರಾದರೂ ಆಗಲಿ, ನರ್ಸೋ ಕಂಪೌಂಡರೋ ಪರಿಚಯದವರಾದರೆ ಅರ್ಧ ಕಾಯಿಲೆ ವಾಸಿಯಾದ ಹಾಗೆ. ನಿನ್ನ ಅತ್ತೆ, ಪುತ್ತಿಗೆಯ ಅನ್ನಪೂರ್ಣೇಶ್ವರಿ ಟೀಚರು, ಕಾಸರಗೋಡಿನ ಎಕ್ಸ್‌ರೇ ಸೆಂಟರಿನಲ್ಲಿ ನಸೀಬಾ ಇರುವಾಗ ಮಂಗಳೂರು ಯಾಕೆ ಎಂದರು. ನನಗೂ ಹೆಮ್ಮೆಯಾಯಿತು. ಬಾ, ನಾನಿದ್ದೇನೆ, ಒಂದು ಚೂರೂ ಹೆದರಬೇಡ ಎಂದು ನಾನೇ ಕರೆದೆ.

ನೀನು ಹೆದರಿಕೊಂಡೇ ಬಂದೆ. ಮೇಜಿನ ಮೇಲೆ ಮಲಗಿದವಳು ಚಳಿಜ್ವರ ಬಂದವರ ಹಾಗೆ ನಡುಗುತ್ತಿದ್ದೆ. ನನ್ನ ಕೈ ಬಿಡುವುದಿಲ್ಲ ಎಂದು ನೀನು ಹೇಳಿದೆ. ಬಟನ್ ಒತ್ತುವ ಕೆಲಸಕ್ಕೆ ಜೊತೆಯವಳು ದೀಪ್ತಿಯನ್ನು ಗಾಜಿನ ಆಚೆ ಕೂರಿಸಿ, ನಾನು ಸೀಸದ ಏಪ್ರನ್ ಕಟ್ಟಿಕೊಂಡು ನಿನ್ನ ತಲೆಯ ಹತ್ತಿರ ನಿಂತೆ. ಡಾಕ್ಟರು ಸಣ್ಣ ನಳಿಕೆ ಹಾಕಿ ಮದ್ದು ಬಿಡತೊಡಗಿದರು. ನೀನು ಅಮ್ಮನನ್ನು ಕರೆದು ‘ಅಬ್ಬೇ’ ಎಂದು ಕೂಗಿದ್ದು ನನಗೆ ಈಗಲೂ ಕೇಳುತ್ತದೆ. ನನ್ನ ಹೆಬ್ಬೆರಳಿನ ಮೇಲೆ ನಿನ್ನ ಉಗುರಿನ ಗುರುತು ಒಂದು ವಾರ ಇತ್ತು.

ಎರಡು ಫಿಲ್ಮು ತೆಗೆದೆವು. ಗರ್ಭಕೋಶ ಬೆಳ್ಳಗೆ ತುಂಬಿಕೊಂಡಿತ್ತು, ಎರಡು ಮೂಲೆಯಲ್ಲೂ ಮದ್ದು ಅಲ್ಲಿಗೇ ನಿಂತಿತ್ತು. ನಾಳ ಶುರುವಾಗುವ ಜಾಗದಿಂದ ಒಂದು ಗೆರೆಯೂ ಮುಂದೆ ಹೋಗಿರಲಿಲ್ಲ.

ಇಲ್ಲಿ ನಿನಗೆ ಒಂದು ವಿಷಯ ವಿವರಿಸಬೇಕು. ನಾನು ಆಗಲೇ ವಿವರಿಸಬೇಕಾಗಿದ್ದದ್ದು. ಎಕ್ಸ್‌ರೇಯಲ್ಲಿ ನಮಗೆ ನಾಳ ಕಾಣುವುದಿಲ್ಲ. ಅದರೊಳಗೆ ಹೋದ ಮದ್ದು ಮಾತ್ರ ಕಾಣುವುದು. ಮದ್ದು ಹೋಯಿತು ಎಂದರೆ ದಾರಿ ಉಂಟು, ಅದನ್ನು ನಂಬಬಹುದು. ಹೋಗಲಿಲ್ಲ ಎಂದರೆ ಆ ಗಳಿಗೆಯಲ್ಲಿ ಹೋಗಲಿಲ್ಲ ಎಂದಷ್ಟೇ ಅರ್ಥ. ಹೆದರಿದಾಗ, ನೋವಾದಾಗ ಗರ್ಭಕೋಶದ ಮಾಂಸ ಬಿಗಿಯುತ್ತದೆ, ನಾಳದ ಬಾಯಿಯೂ ಬಿಗಿದುಕೊಳ್ಳುತ್ತದೆ, ನೀರು ಹಾಯಿಸುವ ಪೈಪನ್ನು ಯಾರೋ ಮೆಟ್ಟಿ ನಿಂತ ಹಾಗೆ. ನಾಳ ಬುಡದಲ್ಲೇ ಮುಚ್ಚಿದೆ ಎಂದು ಎಕ್ಸ್‌ರೇ ಹೇಳಿದಾಗ ಅದು ಎಷ್ಟೋ ಸಲ ಬರೀ ಸೆಡೆತವಾಗಿರುತ್ತದೆ. ಇದು ದೊಡ್ಡ ಗುಟ್ಟೇನಲ್ಲ, ನಮಗೆ ಕಲಿಸಿದ ಪಾಠವೇ. ಮಾಡಬೇಕಾದದ್ದು ಇಷ್ಟೇ, ಸೆಡೆತ ಬಿಡುವ ಇಂಜೆಕ್ಷನು ಕೊಟ್ಟು ಸ್ವಲ್ಪ ಕಾಯುವುದು, ಮತ್ತೆ ಮದ್ದು ಬಿಟ್ಟು ಇನ್ನೊಂದು ಫಿಲ್ಮು ತೆಗೆಯುವುದು.

ಪ್ರೇಮನಾಥ ಡಾಕ್ಟರು ಅದನ್ನೇ ಹೇಳಿದರು. ಮಲಯಾಳದಲ್ಲಿ ನನಗೆ ಹೇಳಿದರು. ಬುಡದಲ್ಲೇ ನಿಂತಿದೆ, ಸೆಡೆತ ಇರಬಹುದು, ಇಂಜೆಕ್ಷನ್ ಕೊಡು, ಹತ್ತು ನಿಮಿಷ ಕಾಯುವ, ನಾನು ಆಚೆ ಒಂದು ಸ್ಕ್ಯಾನ್ ಮುಗಿಸಿ ಬರುತ್ತೇನೆ ಎಂದರು. ನಿನಗೆ ಮಲಯಾಳ ಅರ್ಧಂಬರ್ಧ, ಆ ನೋವಿನಲ್ಲಿ ಅದೂ ಇರಲಿಲ್ಲ. ಅವರು ಹೊರಗೆ ಹೋದ ಮೇಲೆ ‘ಎಂತ ಹೇಳಿದ್ರು?’ ಎಂದು ನೀನು ಕೇಳಿದೆ.

ಮುಗೀತು ಹೇಳಿದ್ರು ಎಂದೆ ನಾನು.

‘ಇಷ್ಟು ಬೇಗವಾ? ಇನ್ನೂ ಬೇಕಾದ್ರೆ ನಾನು ತಡ್ಕೊಳ್ತೇನೆ ನಸೀ’ ಎಂದೆ ನೀನು. ಬೆವರಿ ಒದ್ದೆಯಾಗಿದ್ದ ಮುಖದಲ್ಲಿ ನಗಲು ನೋಡಿದೆ.

ನಾನು ಇಂಜೆಕ್ಷನು ಕೊಡಲಿಲ್ಲ. ಡಾಕ್ಟರು ತಿರುಗಿ ಬಂದಾಗ, ಪೇಷೆಂಟಿಗೆ ತಡೆಯಲಾಗುತ್ತಿಲ್ಲ ಸರ್, ಇವತ್ತಿಗೆ ಸಾಕು, ಇನ್ನೊಂದು ದಿನ ಬರುತ್ತೇನೆ ಎನ್ನುತ್ತಿದ್ದಾಳೆ ಎಂದು ಹೇಳಿದೆ. ಅವರು ಮುಖ ಸಣ್ಣಗೆ ಮಾಡಿ, ಸರಿ, ಆದರೆ ಇದು ಅರ್ಧ ಟೆಸ್ಟು, ಮನೆಯವರಿಗೆ ಸರಿಯಾಗಿ ಬಿಡಿಸಿ ಹೇಳು ಎಂದು ನಳಿಕೆ ತೆಗೆದರು. ನಿನ್ನ ನೋವನ್ನು ನನಗೆ ನೋಡಲಾಗಲಿಲ್ಲ, ಅದಕ್ಕೇ ನಿಲ್ಲಿಸಿದೆ. ಅಂದು ಮಧ್ಯಾಹ್ನ ನಿನಗೆ ಗಂಜಿ ತರಿಸಿಕೊಟ್ಟು, ನನ್ನ ಮೊಣಕಾಲ ಮೇಲೆ ತಲೆ ಇಡಿಸಿ, ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೇ ಕೂತಿದ್ದೆ.

ರಿಪೋರ್ಟಿನಲ್ಲಿ ಡಾಕ್ಟರು ಎಲ್ಲ ಬರೆದಿದ್ದರು. ಎರಡೂ ನಾಳ ಬುಡದಿಂದಲೇ ತುಂಬಿಲ್ಲ, ಸೆಡೆತ ಇದ್ದಿರಬಹುದು, ಪರೀಕ್ಷೆ ಪೂರ್ತಿಯಾಗಿಲ್ಲ, ಮತ್ತೊಮ್ಮೆ ಮಾಡುವುದೋ ಲ್ಯಾಪರೋಸ್ಕೋಪಿಯಲ್ಲಿ ನೋಡುವುದೋ ಅಗತ್ಯ ಎಂದು ಕೆಳಗಿನ ಎರಡು ಸಾಲಿನಲ್ಲಿ ಇಂಗ್ಲಿಷಿನಲ್ಲಿ ಉಂಟು. ಆ ಕಾಗದ ಇವತ್ತಿಗೂ ನಿನ್ನ ಫೈಲಿನಲ್ಲಿ ಇರಬೇಕು, ತೆಗೆದು ನೋಡು. ನೀನು ಓದಲು ಕೈ ಚಾಚಿದಾಗ, ಅದರಲ್ಲಿ ಎಂತ ಓದುವುದು, ನಾನು ಹೇಳ್ತೇನಲ್ಲ ಎಂದು ಮಡಚಿ ಕವರಿನಲ್ಲಿ ಹಾಕಿದವಳು ನಾನು. ನಿನ್ನ ಅತ್ತೆಗೂ ವಿಷ್ಣುವಿಗೂ ಎರಡೂ ಬ್ಲಾಕ್ ಎಂದಷ್ಟೇ ಹೇಳಿದೆ.

ಅಷ್ಟಕ್ಕೇ ನಿಂತಿದ್ದರೂ ಕಥೆ ಸರಿಹೋಗುತ್ತಿತ್ತು. ಮಂಗಳೂರಿನ ಡಾಕ್ಟರು ರಿಪೋರ್ಟು ನೋಡಿ, ಇದನ್ನೇ ಕೊನೆಯ ಮಾತು ಎಂದುಕೊಳ್ಳಬೇಡಿ, ಲ್ಯಾಪರೋಸ್ಕೋಪಿ ಮಾಡಿ ಖಚಿತ ಮಾಡಿಕೊಳ್ಳುವ ಎಂದಿದ್ದರು. ನೀವು ಮೂವರೂ ಅಲ್ಲಿಂದ ನೇರ ಕುಂಬಳೆಗೆ, ನಮ್ಮ ಮನೆಗೆ ಬಂದಿರಿ. ನಮ್ಮಲ್ಲಿ ಬೊಂಡದ ಎಳನೀರು ಬಿಟ್ಟು ಬೇರೇನೂ ಮುಟ್ಟದ ನಿನ್ನ ಅತ್ತೆ ಆ ದಿನ ಉಮ್ಮ ಕೊಟ್ಟ ಚಹಾ ಕುಡಿದರು. ಏನೋ ದೊಡ್ಡದು ಕೇಳಲು ಬಂದಿದ್ದಾರೆ ಎಂದು ನನಗೆ ಅದರಲ್ಲೇ ಗೊತ್ತಾಯಿತು.

‘ನೋಡು ನಸೀಬಾ, ಡಾಕ್ಟ್ರು ಹೇಳುವುದು ಅವರ ಲೆಕ್ಕಕ್ಕೆ. ನೀನು ನಮ್ಮ ಮಗಳ ಹಾಗೆ. ಹೊಟ್ಟೆಗೆ ತೂತು ಮಾಡಿ ನೋಡ್ಬೇಕಂತೆ, ಮದ್ದು ಕೊಟ್ಟು ಮತಿ ತಪ್ಪಿಸ್ಬೇಕಂತೆ. ನಿನ್ನ ಮನೆಯವರಾದ್ರೆ ನೀನು ಮಾಡಿಸ್ತಿದ್ದಿಯಾ?’ ಎಂದು ಕೇಳಿದರು.

ವಿಷ್ಣು ತಲೆ ತಗ್ಗಿಸಿ ಕೂತಿದ್ದ. ಎಕ್ಸ್‌ರೇ ಸರಿಯೋ ಅದು ಸರಿಯೋ ಎಂದು ಒಂದೇ ಪ್ರಶ್ನೆ ಕೇಳಿದ. ನೀರು ಬಿಟ್ಟು ಸ್ಕ್ಯಾನಿನಲ್ಲೂ ನೋಡುತ್ತಾರಂತಲ್ಲ, ಅದಾಗುತ್ತದಾ ಎಂದು ನೀನು ಕೇಳಿದೆ.

ಸರಿಯಾದ ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು. ಸ್ಕ್ಯಾನಿನಲ್ಲಿ ಎಕ್ಸ್‌ರೇಯ ಗೊಡವೆ ಇಲ್ಲ, ನೋವೂ ಕಡಿಮೆ, ಆದರೆ ಗರ್ಭಕೋಶದ ಹಿಂದೆ ನೀರು ಕಂಡರೆ ಒಂದಾದರೂ ನಾಳ ತೆರೆದಿದೆ ಎಂದು ಗೊತ್ತಾದೀತೇ ಹೊರತು ಯಾವುದು ಎಂದು ಅನೇಕ ಸಲ ತಿಳಿಯುವುದಿಲ್ಲ. ಎಕ್ಸ್‌ರೇ ನಾಳದ ಒಳಗಿನ ದಾರಿ ತೋರಿಸುತ್ತದೆ, ಆದರೆ ಸೆಡೆತಕ್ಕೆ ಮೋಸ ಹೋಗುತ್ತದೆ. ಲ್ಯಾಪರೋಸ್ಕೋಪಿಯಲ್ಲಿ ಕಣ್ಣಾರೆ ನೋಡಬಹುದು, ನೀಲಿ ನೀರು ತುದಿಯಿಂದ ಬರುವುದೂ ಕಾಣುತ್ತದೆ, ಸುತ್ತ ಏನಾದರೂ ಅಂಟಿಕೊಂಡಿದ್ದರೆ ಅದೂ ಕಾಣುತ್ತದೆ. ಆಪರೇಷನ್ ಎಂಬುದು ನಿಜ, ಎಲ್ಲರಿಗೂ ಮೊದಲೇ ಮಾಡುವುದಿಲ್ಲ, ಆದರೆ ರಂಜಿನಿಯ ಟೆಸ್ಟು ಅರ್ಧವೇ ಆದದ್ದು, ಆದ್ದರಿಂದ ಅವಳಿಗೆ ಬೇಕು. ಇಷ್ಟು ಹೇಳಿದ್ದರೆ ಸಾಕಿತ್ತು. ಚಹಾ ಆರುವಷ್ಟು ಹೊತ್ತೂ ಬೇಕಿರಲಿಲ್ಲ.

ಆದರೆ ಲ್ಯಾಪರೋಸ್ಕೋಪಿಯಲ್ಲಿ ನಾಳ ತೆರೆದಿದೆ ಎಂದು ಬಂದರೆ? ಹಾಗಾದರೆ ಮೊದಲಿನದ್ದು ಯಾಕೆ ತಪ್ಪಾಯಿತು ಎಂದು ಕೇಳುತ್ತಾರೆ. ಡಾಕ್ಟರು ನಿನ್ನನ್ನೇ ಕೇಳುತ್ತಾರೆ, ನೀನು ಸಾಕು ಎಂದೆಯಾ ಎಂದು. ನೀನು ಇಲ್ಲ ಎನ್ನುತ್ತೀ. ಆಮೇಲೆ ನನ್ನ ಕೆಲಸ ಉಳಿಯುವುದಿಲ್ಲ, ನಿನ್ನ ಮುಂದೆ ಮುಖವೂ ಉಳಿಯುವುದಿಲ್ಲ. ಇದೆಲ್ಲ ಒಂದೇ ಉಸಿರಿನಲ್ಲಿ ನನ್ನ ತಲೆಯಲ್ಲಿ ಹಾದುಹೋಯಿತು. ಅದರಲ್ಲೂ ಇದೇ ಬರುವುದು ಅಮ್ಮಾ, ಸುಮ್ಮನೆ ಅವಳ ಹೊಟ್ಟೆ ಕೊಯ್ಯಿಸಬೇಡಿ ಎಂದೆ.

ನಿನ್ನ ಅತ್ತೆ ಕಣ್ಣೊರೆಸಿಕೊಂಡು, ನಮ್ಮವಳು ಹೇಳಿದ ಮೇಲೆ ಮುಗೀತು ಎಂದು ಎದ್ದರು. ಡಾಕ್ಟರಿಗಿಂತ ನನ್ನ ಮಾತಿಗೆ ಬೆಲೆ ಬಂದ ದಿನ ಅದು. ಅಲ್ಲಾಹು ನನ್ನನ್ನು ಕ್ಷಮಿಸುತ್ತಾನೋ ಇಲ್ಲವೋ, ನನಗೆ ಆ ಚಹಾದ ಲೋಟ ಇವತ್ತಿಗೂ ಕಾಣುತ್ತದೆ.

ಆಮೇಲಿನದ್ದು ನಿನಗೇ ಗೊತ್ತು, ನನಗಿಂತ ಚೆನ್ನಾಗಿ. ಟೆಸ್ಟ್ ಟ್ಯೂಬ್ ಮಗು ಎಂದು ಒಂದು ಸಲ ಮಂಗಳೂರಿಗೆ ಅಲೆದಿರಿ. ಹೊಟ್ಟೆಗೆ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ನಿನ್ನ ಹೊಕ್ಕುಳ ಸುತ್ತ ನೇರಳೆ ಹಣ್ಣಿನ ಬಣ್ಣ ಬಂದಿತ್ತು. ಗರ್ಭ ನಿಲ್ಲಲಿಲ್ಲ. ಇನ್ನೊಮ್ಮೆ ಬೇಡ ಎಂದವಳು ನೀನೇ. ನಿನ್ನ ಅತ್ತೆ ಕೆಟ್ಟ ಮಾತು ಆಡಿದವರಲ್ಲ, ವಿಷ್ಣು ಕೈ ಎತ್ತಿದವನಲ್ಲ. ಮಾತು ಕಡಿಮೆಯಾಯಿತು, ಅಷ್ಟೆ. ಹಬ್ಬಕ್ಕೆ ಬಂದ ಉಳಿದ ಸೊಸೆಯಂದಿರು ಮಕ್ಕಳನ್ನು ನಿನ್ನ ಕೈಗೆ ಕೊಡುವಾಗ ಅವರ ಕೈ ಸ್ವಲ್ಪ ತಡೆಯುತ್ತಿತ್ತು ಎಂದು ನೀನು ಒಮ್ಮೆ ಹೇಳಿದ್ದೆ. ಮೂರು ವರ್ಷ ಅದನ್ನೆಲ್ಲ ನುಂಗಿಕೊಂಡು, ಕೊನೆಗೆ ಬಿಡುಗಡೆಯ ಮಾತು ಎತ್ತಿದವಳೂ ನೀನೇ. ‘ಅವರಿಗಾದ್ರೂ ಒಂದು ಮಗು ಆಗ್ಲಿ ನಸೀ. ದೋಷ ಇರುವುದು ನನ್ನಲ್ಲಿ. ನಾನು ಯಾಕೆ ಅಡ್ಡ ಕೂರ್ಬೇಕು?’ ಎಂದೆ. ಫ್ಯಾಮಿಲಿ ಕೋರ್ಟಿಗೆ ಹೋಗುವ ದಿನ ಬಸ್ಸಿನಲ್ಲಿ ನಿನ್ನ ಪಕ್ಕ ಕೂತವಳು ನಾನು.

ಆ ಬಸ್ಸಿನಲ್ಲಿ ಹೇಳಬಹುದಿತ್ತು ರಂಜೂ. ಕುಂಬಳೆಯಿಂದ ಕಾಸರಗೋಡಿಗೆ ಅರ್ಧ ಗಂಟೆಯ ದಾರಿ. ಮೊಗ್ರಾಲು ಸೇತುವೆ ಬಂದಾಗ ಹೇಳುತ್ತೇನೆ ಎಂದುಕೊಂಡೆ. ಸೇತುವೆ ದಾಟಿತು. ಚೌಕಿ ಬಂದಾಗ ಹೇಳುತ್ತೇನೆ ಎಂದುಕೊಂಡೆ. ನೀನು ಕಿಟಕಿಯ ಹೊರಗೆ ನೋಡುತ್ತಾ, ನಸೀ, ನೀನೊಬ್ಬಳು ಇದ್ದೀಯಲ್ಲ, ಸಾಕು ನನಗೆ ಎಂದೆ. ಆಮೇಲೆ ನಾನು ಬಾಯಿ ಬಿಡಲೇ ಇಲ್ಲ.

ವಿಷ್ಣು ಮತ್ತೆ ಮದುವೆಯಾದ. ಅವನ ಮಗ ಈಗ ಒಂದನೇ ಕ್ಲಾಸು. ಹೋದ ವರ್ಷ ಕುಂಬಳೆ ಪೇಟೆಯಲ್ಲಿ ಆ ಹುಡುಗನನ್ನು ನಾವಿಬ್ಬರೂ ಕಂಡೆವು. ನೀನು ಅವನ ಕೆನ್ನೆ ಹಿಂಡಿ ಚಾಕಲೇಟು ತೆಗೆದುಕೊಟ್ಟೆ. ವಿಷ್ಣು ಆಚೆ ಮುಖ ತಿರುಗಿಸಿಕೊಂಡ.

ನಾಳ ತೆರೆದಿತ್ತು ಎಂದ ಮಾತ್ರಕ್ಕೆ ನಿನಗೆ ಮಗು ಆಗಿಯೇ ಆಗುತ್ತಿತ್ತು ಎಂದು ನಾನು ಹೇಳಲಾರೆ. ಅಂದು ಒಳಗೆ ಸಣ್ಣ ಲೋಳೆ ಅಡ್ಡ ನಿಂತು ಆಮೇಲೆ ಅದಾಗಿಯೇ ಹೋಗಿದ್ದರೂ ಹೋಗಿರಬಹುದು. ಅದನ್ನು ಈಗ ಯಾವ ಡಾಕ್ಟರೂ ಹೇಳಲಾರರು. ಆದರೆ ಒಂದು ಖಂಡಿತ. ಇನ್ನೊಂದು ಫಿಲ್ಮು ತೆಗೆದಿದ್ದರೆ, ಅಥವಾ ಆ ದಿನ ನಮ್ಮ ಜಗಲಿಯಲ್ಲಿ ನಾನು ಬಾಯಿಬಿಟ್ಟಿದ್ದರೆ, ದೋಷ ನನ್ನಲ್ಲಿ ಎಂಬ ಮಾತು ನಿನ್ನ ಬಾಯಿಂದ ಬರುತ್ತಿರಲಿಲ್ಲ. ನೀನು ನಿನ್ನ ಮನೆಯಿಂದ ನೀನಾಗಿಯೇ ಎದ್ದು ಬರುತ್ತಿರಲಿಲ್ಲ. ಇಪ್ಪತ್ತೇಳು ವರ್ಷದವಳಿಗೆ ಸಿಗಬೇಕಾದ ಉತ್ತರ ಮೂವತ್ತೆಂಟಕ್ಕೆ ಸಿಕ್ಕಿದೆ. ಇನ್ನೂ ಕಾಲ ಮಿಂಚಿಲ್ಲ ಎಂದು ಬೇರೆ ಯಾರಾದರೂ ಸಮಾಧಾನ ಹೇಳಿಯಾರು, ನಾನು ಹೇಳುವುದಿಲ್ಲ.

ಪ್ರೇಮನಾಥ ಡಾಕ್ಟರು ಈಗ ಕೆಲಸ ಬಿಟ್ಟಿದ್ದಾರೆ. ಎಡಗೈ ಸ್ವಾಧೀನ ತಪ್ಪಿದೆ, ಮನೆಯಲ್ಲೇ ಇರುತ್ತಾರೆ. ಅವರ ಹೆಸರಿನಲ್ಲಿ ನೋಟೀಸು ಹೋದರೆ ಅವರಿಗೆ ಆ ದಿನದ ನೆನಪೂ ಇರಲಾರದು, ಇಲ್ಲ ಎಂದು ವಾದಿಸುವ ತ್ರಾಣವೂ ಇಲ್ಲ. ನಾಳೆ ಪೋಸ್ಟಾಫೀಸಿನಿಂದ ನೇರ ಅವರ ಮನೆಗೆ ಹೋಗಿ ನಡೆದದ್ದನ್ನು ಹೇಳುತ್ತೇನೆ. ಈ ಪತ್ರದ ಜೊತೆ ಇನ್ನೊಂದು ಕಾಗದ ಉಂಟು. ಇಂಜೆಕ್ಷನು ಕೊಡದವಳು, ಸುಳ್ಳು ಹೇಳಿ ಪರೀಕ್ಷೆ ನಿಲ್ಲಿಸಿದವಳು, ಲ್ಯಾಪರೋಸ್ಕೋಪಿ ಬೇಡ ಎಂದವಳು ನಾನು ಎಂದು ಬರೆದು ಸಹಿ ಮಾಡಿದ್ದೇನೆ. ಶುಕ್ರವಾರ ಹೋಗುವಾಗ ಅದನ್ನು ವಕೀಲರಿಗೆ ಕೊಡು. ದೂರು ಕೊಡಬೇಡ ಎಂದು ನಾನು ಹೇಳುವುದಿಲ್ಲ, ಹೆಸರು ಬದಲಾಯಿಸು ಎಂದಷ್ಟೇ. ಕರೆದ ದಿನ ಬರುತ್ತೇನೆ. ಗಲ್ಫಿನಲ್ಲಿರುವ ನನ್ನ ಗಂಡ ಶಮೀರಿಗೆ ನಿನ್ನೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರು, ಮೊದಲು ಅವಳಿಗೆ ಹೇಳು, ಕೆಲಸ ಹೋದರೆ ಹೋಗಲಿ ಎಂದರು.

ನಿನ್ನ ಕ್ಷಮೆ ಕೇಳುವ ಸಾಲನ್ನು ಮೂರು ಸಲ ಬರೆದು ಮೂರು ಸಲವೂ ಗೀಚಿ ಹಾಕಿದೆ. ಕ್ಷಮಿಸು ಎಂದರೆ ನೀನು ಕ್ಷಮಿಸಿಬಿಡುವವಳು, ಅದೇ ನನಗೆ ಹೆದರಿಕೆ. ಈ ಸಲ ಹಾಗೆ ಮಾಡಬೇಡ. ಬೈಯಬೇಕಾದರೆ ಬೈ, ಮನಸ್ಸಿಗೆ ಬಂದ ಹಾಗೆ ಬೈ. ಫೋನು ಮಾಡಲು ಇಷ್ಟವಿಲ್ಲದಿದ್ದರೆ ಬೇಡ. ಗಾಯ ಒಣಗುವವರೆಗೆ ಭಾರ ಎತ್ತಬೇಡ, ಅತ್ತಿಗೆಯ ಮಾತು ಕೇಳು, ಗುಳಿಗೆ ಬಿಡಬೇಡ.

ನಿನ್ನವಳು ಎಂದು ಬರೆಯಲು ಈಗ ಧೈರ್ಯ ಸಾಲದ,

ನಸೀಬಾ

ಮತ್ತೆ: ಕವರಿಗೆ ಹಾಕಿದ್ದೆ, ಅಂಟಿಸಲು ಕೈ ಬರಲಿಲ್ಲ. ಇಷ್ಟೆಲ್ಲ ಬರೆದೂ ಒಂದು ಸುಳ್ಳು ಉಳಿಸಿಕೊಂಡಿದ್ದೇನೆ. ನಿನ್ನ ನೋವು ನೋಡಲಾಗದೆ ನಿಲ್ಲಿಸಿದೆ ಎಂದು ಬರೆದೆನಲ್ಲ, ಅದು ಸುಳ್ಳು. ಆ ದಿನ ನಾನು ಬಸುರಿಯಾಗಿದ್ದೆ. ಗೊತ್ತಾಗಿ ನಾಲ್ಕು ದಿನವಾಗಿತ್ತು ಅಷ್ಟೆ. ಅದಕ್ಕೆ ಮೊದಲಿನ ಬಸಿರು ಹೋದಾಗ ಆಸ್ಪತ್ರೆಯಲ್ಲಿ ನನ್ನ ತಲೆ ಮಡಿಲಲ್ಲಿ ಇಟ್ಟುಕೊಂಡು ಕೂತವಳು ನೀನು, ನಾನು ಎಷ್ಟು ಹೆದರಿದ್ದೆ ಎಂದು ನಿನಗೆ ಗೊತ್ತಾದೀತು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬೇಡ, ರಂಜಿನಿಗಂತೂ ಹೇಳಲೇಬೇಡ, ಅವಳ ಮನಸ್ಸು ಒಳ್ಳೆಯದೇ, ಆದರೆ ಮಕ್ಕಳಿಲ್ಲದವರ ಕಣ್ಣು ಅವರ ಕೈಯಲ್ಲಿರುವುದಿಲ್ಲ ಎಂದಿದ್ದರು ಉಮ್ಮ. ನಾನು ಉಮ್ಮನನ್ನು ಬೈದೆ. ಆದರೆ ನಿನಗೆ ಹೇಳಲಿಲ್ಲ. ಸೆಂಟರಿನಲ್ಲಿಯೂ ಹೇಳಲಿಲ್ಲ, ಹೇಳಿದರೆ ನನ್ನನ್ನು ಎಕ್ಸ್‌ರೇ ಕೋಣೆಯಿಂದ ಹೊರಗೆ ಹಾಕುತ್ತಿದ್ದರು, ಯಾಕೆ ಎಂದು ನಿನಗೆ ಗೊತ್ತಾಗಿಬಿಡುತ್ತಿತ್ತು. ಏಪ್ರನಿನ ಮೇಲೆ ಇನ್ನೊಂದು ಏಪ್ರನ್ ಕಟ್ಟಿಕೊಂಡು ನಿನ್ನ ಕೈ ಹಿಡಿದು ನಿಂತಿದ್ದೆ. ಕಿರಣ ತಡೆಯಲು ಅಷ್ಟು ಸಾಕು ಎಂದು ಓದಿ ಪಾಸಾದವಳು ನಾನು, ಆದರೂ ಡಾಕ್ಟರು ಇನ್ನೊಂದು ಫಿಲ್ಮು ಎಂದಾಗ ನೀನು ನನಗೆ ಕಾಣಲೇ ಇಲ್ಲ. ನನ್ನ ಹೊಟ್ಟೆ ಮಾತ್ರ ಕಂಡಿತು. ಈ ಪತ್ರದಲ್ಲಿ ನನ್ನ ಮಗಳು ಶಮೀನಾಳ ಹೆಸರು ಎಲ್ಲೂ ಬಾರದ ಹಾಗೆ ನೋಡಿಕೊಂಡೆ, ನೀನು ಅಷ್ಟರಲ್ಲೇ ಗುರುತಿಸಿರುತ್ತೀ. ಹುಟ್ಟಿದ ದಿನ ಉಮ್ಮನ ಕೈಯಿಂದ ಅವಳನ್ನು ಎತ್ತಿಕೊಂಡವಳು ನೀನು, ಕಿನ್ನೀ ಎಂದು ಮುದ್ದಿನ ಹೆಸರಿಟ್ಟವಳು ನೀನು, ಅಕ್ಷರ ತಿದ್ದಿಸಿದವಳು ನೀನು. ಒಂದು ಸಲವೂ ಹಿಂದಕ್ಕೆ ತಿಂಗಳು ಎಣಿಸಿ ನೋಡಲಿಲ್ಲ ನೀನು. ಬೆಳಿಗ್ಗೆಯಿಂದ ಮೂರು ಸಲ ಬಂದು, ರಂಜಿ ಆಂಟಿಗೆ ಹೊಟ್ಟೆನೋವು ಕಡಿಮೆ ಆಯ್ತಾ, ನಾವು ಯಾವಾಗ ಹೋಗುವುದು ಎಂದು ಕೇಳಿದಳು. ನನ್ನನ್ನು ನೀನು ಬಿಟ್ಟುಬಿಡು, ಅದು ನ್ಯಾಯ. ಅವಳನ್ನು ಬಿಡಬೇಡ ಎಂದು ಕೇಳಲು ನನಗೆ ಮುಖವಿಲ್ಲ ರಂಜೂ, ಆದರೂ ಕೇಳುತ್ತಿದ್ದೇನೆ.